ಇಸೊಬೆಯವರ ಒಪ್ಪಿಗೆ

ಪಾಸ್‌ಬುಕ್ಕಿನಲ್ಲಿ ಇವತ್ತಿನ ತಾರೀಖೇ ಬೀಳಬೇಕು, ನಿನ್ನೆಯದಾದರೂ ನಡೆಯುವುದಿಲ್ಲ ಎಂದು ಅವಳ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಕುವಾನೊ ಮೂರು ಸಲ ಹೇಳಿದ್ದರಿಂದ, ಬ್ಯಾಂಕಿನ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಮಿಸಾವೊ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ಹೊಗೆಯ ತಿಂಗಳು. ಕಾಡಿಗೆ ಹಚ್ಚಿದ ಬೆಂಕಿಯ ವಾಸನೆ ಊರಿನ ಮೇಲೆಲ್ಲ ಕವುಚಿ ಕೂತಿತ್ತು, ಬೀದಿಯ ಕೊನೆಯಲ್ಲಿ ಬೆಟ್ಟ ಇರಬೇಕಾದ ಕಡೆ ಬರೀ ಬೂದು ಬಣ್ಣವಿತ್ತು. ಕೈಯಲ್ಲಿ ನೂರು ಬಾತ್‌ನ ಒಂದು ನೋಟನ್ನು ಮಡಿಸಿ ಹಿಡಿದಿದ್ದಳು; ಅದನ್ನು ಖಾತೆಗೆ ಕಟ್ಟಿದರೆ ಇವತ್ತಿನ ತಾರೀಖು ತಾನೇ ಅಚ್ಚಾಗುತ್ತದೆ, ಅದೂ ಕುವಾನೊ ಹೇಳಿಕೊಟ್ಟದ್ದೇ. ಎಂಟು ಲಕ್ಷ ಬಾತ್ ಅವಳ ಹೆಸರಿನಲ್ಲಿ ಎರಡು ತಿಂಗಳು ಅಲುಗದೆ ಇರಬೇಕು. ಇದೆ ಎಂದು ಬ್ಯಾಂಕು ಕಾಗದ ಕೊಡಬೇಕು. ಆ ಕಾಗದ ನೋಡಿ ವಲಸೆ ಕಚೇರಿಯವರು ಇನ್ನೊಂದು ವರ್ಷ ಇಲ್ಲಿರಬಹುದೆಂದು ಮುದ್ರೆ ಹಾಕಬೇಕು. ಜಪಾನಿನಿಂದ ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ಇದೆಲ್ಲ ಅವಳಿಗೆ ಬೇಕಾಗಿರಲಿಲ್ಲ. ಹಣ ಗಂಡ ತೊಕುಜಿಯದು, ಖಾತೆ ತೊಕುಜಿಯದು, ಅವನ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದರೆ ಹೆಂಡತಿ ಎಂಬ ಕಾರಣಕ್ಕೆ ಅವಳದಕ್ಕೂ ಬೀಳುತ್ತಿತ್ತು. ಪೆಟ್ಟಿಗೆಯ ಜೊತೆ ಬರುವ ಬೀಗದ ಹಾಗೆ ಎಂದು ಅವನೇ ಒಮ್ಮೆ ತಮಾಷೆ ಮಾಡಿದ್ದ. ಅವನು ಸತ್ತ ಮೇಲೆ ಅವಳ ಮುದ್ರೆಗೆ ಆಧಾರವಿರಲಿಲ್ಲ. ಇನ್ನು ಎಂಟು ದಿನಕ್ಕೆ ಅದರ ಗಡುವು ಮುಗಿಯುತ್ತಿತ್ತು.

ಒಳಗೆ ತಂಪಿತ್ತು. ಎರಡನೇ ಮೇಜಿನಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿದಳು, ಕೈಜೋಡಿಸಿ ನಕ್ಕಳು. ದಾವ್. ಜನವರಿಯಲ್ಲಿ ಆಸ್ಪತ್ರೆಗೆ ಬಂದಿದ್ದವಳು ಇವಳೇ. ಇವಳಿರಲಾರಳು, ಬೇರೆ ಯಾರಾದರೂ ಇರುತ್ತಾರೆ ಎಂದು ಮಿಸಾವೊ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ವಲಸೆ ಕಚೇರಿಗೆ ಕಾಗದ ತಾನೇ? ಇವತ್ತಿಗೆ ಎರಡು ತಿಂಗಳು ದಾಟ್ತು, ನಾನೇ ನೆನಪಿಟ್ಟಿದ್ದೆ."

ಹಾಳೆ ಬಂತು, ಸಹಿ ಹಾಕಿದಳು. ದಾವ್ ಅದನ್ನು ಕಂಪ್ಯೂಟರಿನಲ್ಲಿದ್ದ ಸಹಿಯ ಪಕ್ಕ ಹಿಡಿದು ನೋಡಿ, ತುಂಬ ನಯವಾಗಿ, ಇನ್ನೊಂದು ಹಾಳೆ ಮುಂದಿಟ್ಟಳು. "ಸ್ವಲ್ಪ ಬೇರೆ ಥರ ಬಂದಿದೆ ಅಮ್ಮಾ. ಅವಸರ ಇಲ್ಲ, ನಿಧಾನಕ್ಕೆ ಹಾಕಿ." ಎರಡನೆಯದೂ ಹೊಂದಲಿಲ್ಲ. ಹಿಂದಿನ ಕುರ್ಚಿಯಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಅರವತ್ತೊಂಬತ್ತು ವರ್ಷದ ಹೆಂಗಸು ಶಾಲೆಯ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು ಮೂರನೆಯ ಸಲ ತನ್ನ ಹೆಸರು ಬರೆದಳು, ಮತ್ತು ಜನವರಿಯಲ್ಲಿ ಈ ಖಾತೆ ತೆರೆದಾಗ ತನ್ನ ಕೈ ಎಷ್ಟು ಗಟ್ಟಿಯಾಗಿತ್ತು ಎಂದು ಆಶ್ಚರ್ಯಪಟ್ಟಳು. ಅಲ್ಲಿ ಗಂಡ ಉಸಿರಿಗೆ ಒದ್ದಾಡುತ್ತಿದ್ದ, ಇಲ್ಲಿ ಒಂದು ಗೆರೆಯೂ ನಡುಗಿರಲಿಲ್ಲ.

"ಅಪ್ಪ ಹೇಗಿದ್ದಾರೆ?" ಕಾಗದ ಅಚ್ಚಾಗಿ ಬರುವಷ್ಟರಲ್ಲಿ ದಾವ್ ತೊಕುಜಿಯನ್ನು ಕುರಿತು ಕೇಳಿದಳು.

"ಪರವಾಗಿಲ್ಲ," ಎಂದಳು ಮಿಸಾವೊ.

ಅವಳು ಅದನ್ನು ಯೋಚಿಸಿ ಹೇಳಲಿಲ್ಲ. ಥಾಯ್ ಭಾಷೆಯಲ್ಲಿ ಅವಳಿಗೆ ಬೇಗ ಬಾಯಿಗೆ ಬರುತ್ತಿದ್ದ ಮಾತುಗಳಲ್ಲಿ ಅದೂ ಒಂದು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎಂದಾಗ, ಮಳೆ ಬಂದಾಗ, ಯಾರಾದರೂ ಕಾಲು ತುಳಿದಾಗ ಹೇಳುವ ಮಾತು. ಹೇಳಿದ ಮೇಲೆ ಅದನ್ನು ವಾಪಸ್ಸು ತೆಗೆದುಕೊಳ್ಳುವ ವಾಕ್ಯ ಸಿಗಲಿಲ್ಲ. ದಾವ್ ಖುಷಿಯಾಗಿ ಮೇಜಿನ ಖಾನೆಯಿಂದ ಒಂದು ಪೊಟ್ಟಣ ತೆಗೆದಳು. ಅವಳಮ್ಮ ಮಾಡಿದ ಹುಣಸೆಹಣ್ಣಿನ ಮಿಠಾಯಿ, ಉಪ್ಪು ಖಾರ ಸಕ್ಕರೆ ಹೊರಳಿಸಿದ್ದು. "ಬಾಯಿ ರುಚಿ ಕೆಟ್ಟಿದ್ರೆ ಇದು ಒಳ್ಳೇದು. ಅಪ್ಪನಿಗೆ ಕೊಡಿ." ಮಿಸಾವೊ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು, ತಲೆ ಬಾಗಿಸಿದಳು, ಬ್ಯಾಂಕಿನ ಕಾಗದವನ್ನು ಚೀಲದ ಒಂದು ಕಡೆಯೂ ಸತ್ತವನ ಮಿಠಾಯಿಯನ್ನು ಇನ್ನೊಂದು ಕಡೆಯೂ ಇಟ್ಟುಕೊಂಡು ಹೊರಗೆ ಬಂದಳು.

ಬಾಡಿಗೆಯ ಕೆಂಪು ಗಾಡಿಯ ಹಿಂದಿನ ಬೆಂಚಿನಲ್ಲಿ ಕೂತು, ಹಳೆಯ ಕೋಟೆಯ ಕಂದಕದ ನೀರನ್ನೂ ಅದರಾಚೆಗಿನ ಇಟ್ಟಿಗೆ ಗೋಡೆಯ ಮೂಲೆಯನ್ನೂ ನೋಡುತ್ತ, ತಾನು ಆವತ್ತು ಆಸ್ಪತ್ರೆಯಲ್ಲಿ ಗಂಡನನ್ನು ಕೇಳಬೇಕಾದದ್ದನ್ನು ಸರಿಯಾಗಿಯೇ ಕೇಳಿದ್ದೆ ಎಂದು ಅವಳು ಮತ್ತೊಮ್ಮೆ ತನಗೆ ಹೇಳಿಕೊಂಡಳು. ಮಧ್ಯಾಹ್ನ ಎರಡು ಗಂಟೆ. ಆಸ್ಪತ್ರೆಯ ಕೋಣೆಯಲ್ಲಿ ಐದು ಜನ: ಹಾಸಿಗೆಯಲ್ಲಿ ತೊಕುಜಿ, ಪಕ್ಕದಲ್ಲಿ ಅವಳು, ಕಾಗದಗಳ ಹಲಗೆ ಹಿಡಿದ ದಾವ್, ಸಾಕ್ಷಿಗೆ ನರ್ಸು, ಇನ್ನೊಬ್ಬ ಸಾಕ್ಷಿ ಕುವಾನೊ. ಎಲ್ಲವನ್ನೂ ಗೊತ್ತುಮಾಡಿದ್ದು ಕುವಾನೊ. ತೊಕುಜಿ ಸತ್ತರೆ ಖಾತೆಗೆ ಬೀಗ ಬೀಳುತ್ತದೆ, ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಲು ಆರು ತಿಂಗಳೋ ವರ್ಷವೋ, ಅಷ್ಟರಲ್ಲಿ ನಿಮ್ಮ ಗಡುವು ಮುಗಿದು ದೇಶ ಬಿಡಬೇಕಾಗುತ್ತದೆ, ಇರುವಾಗಲೇ ವರ್ಗಾಯಿಸಿಕೊಳ್ಳಿ, ಇದರಲ್ಲಿ ತಪ್ಪೇನಿಲ್ಲ ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂರಿಸಿ ಬಿಡಿಸಿ ಹೇಳಿದ್ದ. ತೊಕುಜಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ, ಹೆಬ್ಬೆಟ್ಟು ಸಾಕು ಎಂದಿತ್ತು ಬ್ಯಾಂಕು. ಆದರೆ ಅವನ ಬಾಯಿಂದಲೇ ಒಪ್ಪಿಗೆ ಬರಬೇಕಿತ್ತು. ದಾವ್ ಹಾಸಿಗೆಯ ಕಡೆ ಬಗ್ಗಿ, "ಅಪ್ಪಾ, ಈ ಹಣ ಅಮ್ಮನ ಹೆಸರಿಗೆ ಹೋಗುತ್ತೆ, ನಿಮಗೆ ಒಪ್ಪಿಗೆನಾ?" ಎಂದು ಕೇಳಿದಳು. ಮಿಸಾವೊ ಅದನ್ನು ಜಪಾನಿಯಲ್ಲಿ ಹೇಳಿದಳು. ಒಂದಕ್ಷರ ಬಿಡದೆ ಹೇಳಿದಳು. "ಏನ್ರೀ, ದುಡ್ಡನ್ನ ನನ್ನ ಹೆಸರಿಗೆ ಹಾಕ್ತಾರಂತೆ. ಆಗಬಹುದಾ?"

ಅವನು ಕಿಟಕಿಯ ಕಡೆ ನೋಡುತ್ತಿದ್ದವನು ಅವಳ ಕಡೆ ತಿರುಗಿದ. ಮೂಗಿನ ಮೇಲಿನ ಆಮ್ಲಜನಕದ ಮುಖವಾಡವನ್ನು ಎರಡು ಬೆರಳಿನಿಂದ ಸರಿಸಿದ. "ಮನಿಗೆ ಹೋಗೂಣು," ಎಂದ.

ನಲವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಅವನು ತನ್ನ ಹುಟ್ಟೂರು ಸಕಾತದ ಆ ಆಡುಮಾತಿನಲ್ಲಿ ಅವಳ ಜೊತೆ ಮಾತಾಡಿದವನಲ್ಲ. ಹದಿನೆಂಟಕ್ಕೆ ಊರು ಬಿಟ್ಟು ಯೊಕೊಹಾಮದ ಹಡಗು ಕಟ್ಟುವ ಕಾರ್ಖಾನೆಗೆ ಸೇರಿದವನು ನಾಲಿಗೆಯನ್ನು ಉಜ್ಜಿ ತೊಳೆದುಕೊಂಡಿದ್ದ. ಅವನ ತಾಯಿ ಮಾತ್ರ ಕೊನೆಯ ಹನ್ನೊಂದು ವರ್ಷ ಅವರ ಮೂರು ಕೋಣೆಯ ಮನೆಯಲ್ಲಿ ಮಲಗಿಕೊಂಡು ಆ ಮಾತಿನಲ್ಲಿ ಸೊಸೆಯನ್ನು ಕೂಗುತ್ತಿದ್ದಳು, ನೀರು ಎಂದು, ಮಗ್ಗಲು ಬದಲಿಸು ಎಂದು. ಆದ್ದರಿಂದ ಮಿಸಾವೊಗೆ ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ. "ಏನಂದ್ರು?" ಎಂದು ದಾವ್ ಕೇಳಿದ ಮೇಲೆ ಎಷ್ಟು ಹೊತ್ತು ಕಳೆಯಿತೋ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. "ಆಗಲಿ ಅಂತಾರೆ," ಎಂದಳು. ಅವನ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿದಳು, ಕಾಗದಕ್ಕೆ ಒತ್ತಿದಳು. ಆ ಬೆರಳು ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವನು ಸತ್ತ.

ಬಡತನಕ್ಕೆ ಹೆದರಿ ಹಾಗೆಂದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆದರೆ "ಏನಂದ್ರು" ಎಂಬ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಅವಳ ತಲೆಯಲ್ಲಿ ಬಂದದ್ದು ಬಡತನವಲ್ಲ, ಬೆಳಗಿನ ಏಳು ಗಂಟೆಯ ಈಜುಕೊಳ. ಅರವತ್ತೊಂದನೆಯ ವಯಸ್ಸಿಗೆ ಅವಳು ಈಜು ಕಲಿತದ್ದು ಇಲ್ಲಿ, ಅಪಾರ್ಟ್‌ಮೆಂಟಿನ ಹಿಂಭಾಗದ ಆ ಸಣ್ಣ ಕೊಳದಲ್ಲಿ. ಕಲಿಸಿದವಳು ಕೊಳ ಗುಡಿಸುವ ಬುವಾಲೈ. "ದೊಡ್ಡಮ್ಮಾ, ಸೊಂಟ ಮೇಲೆತ್ತಿ, ಕುಂಬಳಕಾಯಿ ಮೂಟೆ ಥರ ಕೆಳಗೆ ಇಳೀತಾ ಇದೆ," ಎಂದು ಅವಳು ದಡದಲ್ಲಿ ಕಸಬರಿಗೆ ಹಿಡಿದು ನಗುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಬೆನ್ನ ಮೇಲೆ ತೇಲಿದ ದಿನ, ಕಿವಿ ನೀರಿನೊಳಗಿದ್ದು ಯಾರ ಕೂಗೂ ಕೇಳಿಸದೆ, ಮಿಸಾವೊ ಆಕಾಶ ನೋಡುತ್ತ ಅರ್ಧ ಗಂಟೆ ಹಾಗೇ ಇದ್ದಳು. ಇಲ್ಲಿಗೆ ಬರೋಣ ಎಂದವನು ತೊಕುಜಿ. ಪಿಂಚಣಿ ಇಲ್ಲಿ ಸಾಲುತ್ತದೆ, ಅಲ್ಲಿ ಸಾಲದು ಎಂದು ಮನೆ ಮಾರಿದವನೂ ಅವನೇ. ಬಂದ ಎರಡೇ ವರ್ಷಕ್ಕೆ ಅವನಿಗೆ ಎಲ್ಲ ಬೇಜಾರಾಗಿ, ಪರದೆ ಎಳೆದುಕೊಂಡು ಜಪಾನಿ ಟೀವಿಯಲ್ಲಿ ಕುಸ್ತಿ ನೋಡುತ್ತ ಕೂತ. ಒಲ್ಲೆನೆಂದು ಅತ್ತುಕೊಂಡು ಬಂದವಳು ಅವಳು. ಬೇರು ಬಿಟ್ಟವಳೂ ಅವಳೇ. ಈಜಿ ಒದ್ದೆ ಕೂದಲಲ್ಲಿ ಒಳಗೆ ಬಂದರೆ ಅವನು ಟೀವಿಯಿಂದ ಕಣ್ಣೆತ್ತದೆ, "ಎಳೇ ಹುಡುಗಿ ಬಂದ್ಲು," ಎನ್ನುತ್ತಿದ್ದ. ಅದರಲ್ಲಿ ಕೊಂಕಿತ್ತೋ ಅಕ್ಕರೆಯಿತ್ತೋ, ಕೇಳಿ ತಿಳಿದುಕೊಳ್ಳಬೇಕೆಂದು ಅವಳಿಗೆ ಆಗ ಅನ್ನಿಸಿರಲಿಲ್ಲ.

ವಲಸೆ ಕಚೇರಿಯ ಹೊರಗಿನ ಬೆಂಚಿನಲ್ಲಿ ಕುವಾನೊ ಆಗಲೇ ಚೀಟಿ ತೆಗೆದುಕೊಂಡು ಕೂತಿದ್ದ. ಎಪ್ಪತ್ತೆಂಟು ವರ್ಷ, ಕವಾಸಾಕಿಯ ವಾರ್ಡು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಇಲ್ಲಿನ ಜಪಾನಿ ಮುದುಕರ ಕಾಗದಪತ್ರವೆಲ್ಲ ಅವನ ಕೈದಾಟಿಯೇ ಹೋಗಬೇಕು. ದುಡ್ಡು ಮುಟ್ಟುವುದಿಲ್ಲ, ಕೆಲಸ ಮುಗಿದ ಮೇಲೆ ಒಂದು ಬಟ್ಟಲು ನೂಡಲ್ಸ್ ಕೊಡಿಸಿದರೆ ಸಾಕು. ಅವಳ ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದನ್ನೂ ಬೆರಳಿನಿಂದ ತಟ್ಟಿದ.

"ಫೋಟೋ, ಪಾಸ್‌ಬುಕ್ಕು, ಬ್ಯಾಂಕಿನ ಕಾಗದ, ಮರಣಪತ್ರ. ತಾರೀಖು ಇವತ್ತಿಂದೇ ಇದೆ. ಭೇಷ್. ಇಸೊಬೆ-ಸಾನ್, ನೀವು ಇವತ್ತಿಂದ ಸ್ವತಂತ್ರ ಪ್ರಜೆ. ನಿಮ್ಮ ದುಡ್ಡು ಈ ದೇಶದಲ್ಲಿ ವಾಸ ಮಾಡುತ್ತೆ, ನೀವು ಅದನ್ನ ನೋಡ್ಕೊಳ್ಳೋಕೆ ಇರ್ತೀರಿ, ಅಷ್ಟೇ."

ಅವಳು ನಗಲಿಲ್ಲ. ಮಿಠಾಯಿ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು ಹುಳಿಗೆ ಕಣ್ಣು ಕಿರಿದು ಮಾಡಿದ. ಎರಡು ತಿಂಗಳಿಂದ ಅವಳು ಈ ಮನುಷ್ಯನ ಮುಖವನ್ನು ಕದ್ದು ಓದುತ್ತಿದ್ದಳು. ಆ ಕೋಣೆಯಲ್ಲಿ ಜಪಾನಿ ತಿಳಿದಿದ್ದ ಮೂರನೆಯವನು ಅವನೊಬ್ಬನೇ. ಅವನಿಗೆ ಕೇಳಿಸಿತ್ತೇ? ಕೇಳಿಸಿಯೂ ಸಹಿ ಹಾಕಿದನೇ? ಅವನು ಫೋನ್ ಮಾಡಿದಾಗಲೆಲ್ಲ ಇವತ್ತು ಹೇಳುತ್ತಾನೆ ಎಂದು ಅವಳು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು, ಅವನು ಫೋಟೋದ ಅಳತೆಯ ವಿಚಾರ ಹೇಳಿ ಫೋನ್ ಇಡುತ್ತಿದ್ದ.

"ಕುವಾನೊ-ಸಾನ್, ಆವತ್ತು ಇವರು ಏನಂದ್ರು, ನಿಮಗೆ ಕೇಳಿಸಿತಾ?"

ಅವನು ಮಿಠಾಯಿಯೊಳಗಿದ್ದ ಹುಣಸೆಬೀಜವನ್ನು ಕಾಗದದ ಚೂರಿನೊಳಗೆ ಉಗಿದು ಮಡಿಸಿದ. "ಕೇಳಿಸಿತು."

"ಮನೆಗೆ ಹೋಗೋಣ ಅಂದ್ರು."

"ಹೌದು."

"ನಾನು ಆಗಲಿ ಅಂತಾರೆ ಅಂದೆ."

"ಅದೂ ಕೇಳಿಸಿತು." ಅವನು ಚೀಟಿಯ ಸಂಖ್ಯೆಯನ್ನು ಗೋಡೆಯ ಮೇಲಿನ ಸಂಖ್ಯೆಯ ಜೊತೆ ಹೋಲಿಸಿ ನೋಡಿದ. "ಇಸೊಬೆ-ಸಾನ್, ನಾನು ಇಲ್ಲಿ ಇಪ್ಪತ್ತಾರು ಜನರ ಹಾಸಿಗೆ ಪಕ್ಕ ನಿಂತಿದ್ದೀನಿ. ಎಲ್ಲರೂ ಅದನ್ನೇ ಅಂತಾರೆ. ಮನೆ ಇದ್ದವನೂ ಅಂತಾನೆ, ಮನೆ ಮಾರಿ ಬಂದವನೂ ಅಂತಾನೆ. ಸಾಲಗಾರರಿಗೆ ಹೆದರಿ ಓಡಿಬಂದು ಮೂವತ್ತು ವರ್ಷ ಊರಿನ ಹೆಸರೆತ್ತದವನೂ ಅಂದ. ಅದು ಜ್ವರದ ಮಾತು. ಅದನ್ನ ಲೆಕ್ಕಕ್ಕೆ ಹಿಡೀಬೇಡಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಎರಡು ತಿಂಗಳಿಂದ ಹೊತ್ತ ಭಾರ ಇಳಿಯಬೇಕಿತ್ತು. ಅದರ ಬದಲು ಅವಳಿಗೆ ಕೋಪ ಬಂತು, ಕೆನ್ನೆ ಬಿಸಿಯಾಗುವಷ್ಟು ಕೋಪ. ತೊಕುಜಿ ಮುಖವಾಡ ಸರಿಸಿ, ಅದಕ್ಕೆ ಬೇಕಾದ ಉಸಿರು ಕೂಡಿಸಿಕೊಂಡು, ತನ್ನ ಕಡೆ ತಿರುಗಿ ಆಡಿದ ಮಾತನ್ನು ಈ ಮನುಷ್ಯ ಇಪ್ಪತ್ತಾರರ ಕಟ್ಟಿನಲ್ಲಿ ಸೇರಿಸಿ ದಾರ ಸುತ್ತಿ ಇಟ್ಟುಬಿಟ್ಟ. ಕೆಟ್ಟದ್ದೇ ಆಗಿರಲಿ, ತಾನು ಮಾಡಿದ್ದು ತನ್ನ ಗಂಡನಿಗೆ ಮಾಡಿದ್ದು. ಎಲ್ಲರ ಗಂಡಂದಿರಿಗೂ ಆಗುವಂಥದ್ದಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದಳು. ಅವಳ ಸಂಖ್ಯೆ ಬಂತು.

ಕೌಂಟರಿನ ಅಧಿಕಾರಿ ಹೆಂಗಸು ಕಾಗದಗಳನ್ನು ತಿರುವಿ, ಹಳೆಯ ಮುದ್ರೆಯ ಪುಟದಲ್ಲಿ ನಿಂತಳು. "ಗಂಡ?"

"ಸತ್ತರು," ಎಂದಳು ಮಿಸಾವೊ. ಥಾಯ್ ಭಾಷೆಯಲ್ಲಿ ಆ ಮಾತನ್ನು ಅವಳು ಹೇಳುತ್ತಿದ್ದದ್ದು ಇದೇ ಮೊದಲು. ಸ್ವರ ತಪ್ಪಿತೇನೋ ಎಂದು ಇನ್ನೊಮ್ಮೆ ಹೇಳಿದಳು. ಅಧಿಕಾರಿ ಮರಣಪತ್ರ ನೋಡಿ, ಒಂದು ಕ್ಷಣ ಪೆನ್ನು ಕೆಳಗಿಟ್ಟು ಕೈಜೋಡಿಸಿದಳು, ಮತ್ತೆ ಪೆನ್ನು ಎತ್ತಿಕೊಂಡಳು. ಹಣ ಸರಿಯಿತ್ತು. ದಿನಗಳು ಸರಿಯಿದ್ದವು. ಅರ್ಧ ಗಂಟೆ ಕೂತಿರಿ, ಪಾಸ್‌ಪೋರ್ಟು ಕೊಡುತ್ತೇವೆ ಎಂದಳು. ಆಮೇಲೆ, ವಾಡಿಕೆಯ ಹಾಗೆ: "ಈ ವರ್ಷ ದೇಶದಿಂದ ಹೊರಗೆ ಹೋಗೋದಿದೆಯಾ ಅಮ್ಮಾ? ಇದ್ದರೆ ವಾಪಸ್ ಬರೋ ಅನುಮತಿ ಈಗಲೇ ತಗೊಳ್ಳಿ. ಅದಿಲ್ಲದೆ ಗಡಿ ದಾಟಿದ್ರೆ ಇದೆಲ್ಲ ರದ್ದಾಗುತ್ತೆ."

ಅಸ್ಥಿಯ ಮಡಕೆ ಎರಡು ತಿಂಗಳಿಂದ ಟೀವಿಯ ಪಕ್ಕ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಮೈದುನ ಗೆಂಜೊ ಎರಡು ಸಲ ಫೋನ್ ಮಾಡಿದ್ದ, ತೆಗೆದುಕೊಂಡು ಬನ್ನಿ ಎಂದಿದ್ದ, ಅವಳು ನೋಡೋಣ ಎಂದಿದ್ದಳು. ಒಮ್ಮೆ ಅಲ್ಲಿಗೆ ಹೋದರೆ ವಾಪಸ್ಸು ಬಿಡುವುದಿಲ್ಲವೇನೋ ಎಂಬ ಹೆದರಿಕೆ ಬಿಟ್ಟರೆ ಬೇರೆ ಕಾರಣವಿರಲಿಲ್ಲ. "ಒಂದು ಸಲ," ಎಂದಳು. "ಹೋಗಿ ಬರ್ತೀನಿ." ಸಾವಿರ ಬಾತ್ ಕಟ್ಟಿ ಇನ್ನೊಂದು ಹಾಳೆಗೆ ಸಹಿ ಹಾಕಿದಳು. ಇಲ್ಲಿ ಯಾರೂ ಅದನ್ನು ಹಳೆಯ ಸಹಿಯ ಪಕ್ಕ ಹಿಡಿದು ನೋಡಲಿಲ್ಲ.

ಕುವಾನೊ ನೀರು ತರಲು ಹೋಗಿದ್ದ. ಮಿಸಾವೊ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತು ಸಕಾತದಲ್ಲಿದ್ದ ಗೆಂಜೊಗೆ ಫೋನ್ ಹಚ್ಚಿದಳು. ಅಣ್ಣತಮ್ಮಂದಿರು ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು. ತಾಯಿಯ ಉತ್ತರಕ್ರಿಯೆಯ ದಿನ, ಹಿರಿಯ ಮಗ ನೀನು, ಗದ್ದೆ ಸಮಾಧಿ ಎಲ್ಲ ನನ್ನ ತಲೆಗೆ ಕಟ್ಟಿ ಓಡಿಹೋದೆ ಎಂದು ಗೆಂಜೊ ಕುಡಿದು ಅಂದಿದ್ದ. ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ತೊಕುಜಿ ಎದ್ದು ಬಂದಿದ್ದ. ತುಳಿಯಲೂ ಇಲ್ಲ.

"ಯಾರ್ರೀ? ವೈನೀ? ಆರಾಮಿದ್ದೀರಿಲ್ಲೋ?"

"ಆರಾಮಾಗಿದ್ದೀನಿ ಗೆಂಜೊ-ಸಾನ್. ಮುಂದಿನ ತಿಂಗಳು ಇವರನ್ನ ಕರ್ಕೊಂಡು ಬರ್ತೀನಿ."

"ಬರ್ರಿ, ಬರ್ರಿ. ಅಷ್ಟೊತ್ತಿಗೆ ಹಿಮಾ ಕರಗಿರ್ತದ. ಸಮಾಧಿ ಕಲ್ಲು ತೊಳದು ಇಟ್ಟಿರ್ತೀನಿ." ಅವನು ಕೆಮ್ಮಿದ. "ನೀವೂ ಇಲ್ಲೇ ಇದ್ದುಬಿಡ್ರಿ. ನಡುಮನಿ ಬಾಜೂಕ ಖೋಲಿ ಖಾಲೀನ ಅದ."

"ಇಲ್ಲ. ನಾನು ವಾಪಸ್ ಇಲ್ಲಿಗೇ ಬರ್ತೀನಿ." ಹೇಳಿದ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. "ಗೆಂಜೊ-ಸಾನ್, ಕೊನೆಗೆ ಏನಾದ್ರೂ ಅಂದ್ರಾ ಅಂತ ಜನವರಿಯಲ್ಲಿ ನೀವು ಕೇಳಿದ್ರಿ. ನಾನು ಏನೂ ಅನ್ನಲಿಲ್ಲ ಅಂದೆ. ಸುಳ್ಳು. ಅಂದಿದ್ರು." ಬ್ಯಾಂಕಿನವಳು ಬಂದದ್ದು, ಅವಳು ಕೇಳಿದ್ದು, ತಾನು ಕೇಳಿದ್ದು, ಅವನು ಹೇಳಿದ್ದು, ತಾನು ತಿರುಗಿಸಿ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಕೌಂಟರಿನಲ್ಲಿ ಕಾಗದ ಒಪ್ಪಿಸುವವಳ ಹಾಗೆ ಹೇಳಿ ಮುಗಿಸಿದಳು. "ಅವರಿಗೆ ಊರಿಗೆ ಬರಬೇಕಿತ್ತು. ಆ ದುಡ್ಡಲ್ಲಿ ಅವರನ್ನ ಕರ್ಕೊಂಡು ಬರಬಹುದಿತ್ತೋ ಏನೋ. ನಾನು ನನಗೆ ಇಟ್ಟುಕೊಂಡೆ."

ಬೈಯಲಿ ಎಂದು ಅವಳು ಕಾದಳು. ಬೈದರೆ ಒಳ್ಳೆಯದು, ಯಾರಾದರೊಬ್ಬರು ಬೈಯಬೇಕಾಗಿತ್ತು.

"ದುಡ್ಡಿಂದು ಬಿಡ್ರಿ," ಎಂದ ಗೆಂಜೊ. ದನಿ ಎಲ್ಲೋ ಆಳಕ್ಕೆ ಹೋಗಿತ್ತು. "ಅಣ್ಣ ಹಂಗಂದನೇನು? ಮನಿ ಅಂದನೇನು?"

"ಹೌದು."

"ಹ್ಯಾಂಗಂದ? ನಿಮ್ಮ ಯೊಕೊಹಾಮದ ಮಾತಿನಾಗೋ, ನಮ್ಮ ಮಾತಿನಾಗೋ?"

"ನಿಮ್ಮ ಮಾತಿನಲ್ಲೇ."

"ಅಂವಾ ಅಂದಂಗ ಅನ್ರಿ ವೈನಿ. ಒಮ್ಮೆ ಅನ್ರಿ."

ಅವಳು ಆ ಮಾತನ್ನು ಎಂದೂ ಆಡಿದವಳಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯ ಮೆಚ್ಚುಗೆಗೆಂದು ಒಂದೆರಡು ಸಲ ಪ್ರಯತ್ನಿಸಿದಾಗ ಮನೆಯವರೆಲ್ಲ ನಕ್ಕಿದ್ದರು, ಆಮೇಲೆ ಬಿಟ್ಟುಬಿಟ್ಟಿದ್ದಳು. ಈಗ ಕಾರಿಡಾರಿನಲ್ಲಿ ಹಾದುಹೋಗುವವರ ಕಡೆಗೆ ಬೆನ್ನು ತಿರುಗಿಸಿ, ತೊಕುಜಿಯ ಬಾಯಿಯ ಆಕಾರವನ್ನು ನೆನೆದು, ಎಲ್ಲಿ ಅವನ ಉಸಿರು ಕಡಿಯಿತೋ ಅಲ್ಲಿ ಕಡಿದು, ಎಲ್ಲಿ ಎಳೆದನೋ ಅಲ್ಲಿ ಎಳೆದು, "ಮನಿಗೆ ಹೋಗೂಣು," ಎಂದಳು.

ಗೆಂಜೊ ಅಳುತ್ತಿದ್ದ. ಎಪ್ಪತ್ತು ದಾಟಿದ ಗಂಡಸು ಫೋನಿಗೆ ಕೈ ಅಡ್ಡ ಹಿಡಿದು ಅಳುವ ಸದ್ದು ಅದು. "ಅವ್ವ ಹಿಂಗ ಅಂತಿದ್ಲು," ಎಂದ ಸ್ವಲ್ಪ ಹೊತ್ತಿಗೆ. "ಗದ್ದಿ ಕೆಲಸ ಮುಗದ ಮ್ಯಾಲ. ನಾವಿಬ್ರೂ ಬದುವಿನ ಮ್ಯಾಲ ಆಡ್ತಿದ್ವಿ. ಹಿಂಗ ಅಂತಿದ್ಲು." ಮತ್ತೆ ಮೂಗು ಸೀಟಿದ. "ಹದಿನೇಳು ವರ್ಷ ಆತು, ಅಂವಾ ಈ ಮನೀನ್ನ ಮನಿ ಅನ್ಲಿಲ್ಲ. ಇನ್ನೊಮ್ಮೆ ಅನ್ರಿ."

ಎರಡು ತಿಂಗಳು ಆ ಮಾತನ್ನು ಅವಳು ತನ್ನ ಮೇಲಿನ ದೂರಿನ ಹಾಗೆ ಒಳಗಿಟ್ಟುಕೊಂಡಿದ್ದಳು. ಅದು ಇನ್ನೊಬ್ಬರಿಗೆ ತಲುಪಬೇಕಾಗಿದ್ದ ಮಾತೂ ಆಗಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಎರಡನೆಯ ಸಲ ಹೇಳಿದಳು, ಮೂರನೆಯ ಸಲವೂ ಹೇಳಿದಳು. ಪಕ್ಕದ ಬೆಂಚಿನಲ್ಲಿದ್ದ ಬಿಳಿಯ ಮುದುಕನೊಬ್ಬ, ಅವನ ತೊಡೆಯ ಮೇಲೂ ಅಂಥದೇ ಕಾಗದಗಳ ಕಟ್ಟು, ತಿರುಗಿ ನೋಡಿ ಮರ್ಯಾದೆಗೆಂದು ಕಣ್ಣು ಬೇರೆ ಕಡೆ ಹೊರಳಿಸಿದ. ಒಳಗಿನಿಂದ ಅವಳ ಹೆಸರನ್ನು ತಪ್ಪು ತಪ್ಪಾಗಿ ಕೂಗಿದರು.

"ಅಲ್ಲಿ ಈಗ ಎಷ್ಟು ಹೊತ್ತಾತು?" ಎಂದು ಕೇಳಿದ ಗೆಂಜೊ.

"ಹನ್ನೊಂದೂವರೆ."

"ಇಲ್ಲಿ ಒಂದೂವರಿ. ಉಂಡೀರೇನು?"

"ಇಲ್ಲ."

"ಹೋಗ್ರಿ. ಮೊದಲ ಏನಾರ ಉಣ್ರಿ," ಎಂದು ಅವನು ಫೋನ್ ಇಟ್ಟ.

ಇನ್ನೊಮ್ಮೆ ಅವಳ ಹೆಸರು ಕೂಗಿದರು. ಕುವಾನೊ ಎರಡು ಬಾಟಲಿ ನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತು, ನಿಮ್ಮನ್ನೇ ಎಂದು ಕೈಸನ್ನೆ ಮಾಡಿದ. ಬರುತ್ತೇನೆ ಎಂದು ಅವಳು ತಲೆಯಾಡಿಸಿದಳು, ಮೊದಲು ತೊಕುಜಿಗೆಂದು ದಾವ್ ಕೊಟ್ಟಿದ್ದ ಮಿಠಾಯಿಯಲ್ಲಿ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡಳು.